ನಾಲ್ಕು ಸಾವಿರದಲ್ಲಿ ಒಬ್ಬ

ಆ ದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು, ಗಾಳಿ ಬಿಟ್ಟಿರಲಿಲ್ಲ. ಶರಾವತಿ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ತೆರೆಗಳು ಬೆಳ್ಳಗೆ ಒಡೆಯುತ್ತಿದ್ದವು. ಎರಡು ಸಾವಿರದ ಎಂಟರ ಸೆಪ್ಟೆಂಬರ್ ತಿಂಗಳ ಮೊದಲ ವಾರ. ಹೊನ್ನಾವರದ ಕಡೆಯ ಆ ದಂಡೆಯಲ್ಲಿ ಚಿಕ್ಕದೊಂದು ಮೀನುಗಾರರ ಸಂಘವಿತ್ತು. ಅಲ್ಲಿನ ಗುಮಾಸ್ತೆ ಅಂಕಿತಾ ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆಯುವಷ್ಟರಲ್ಲಿ, ಮೀನು ಮಾರುವ ಲಕ್ಕಿ ಕಿಟಕಿಗೆ ಬಂದು ನಿಂತಳು.

"ತಂಗಿ, ಇವತ್ತು ಅಳಿವೆ ಹೆಂಗೆ? ನಮ್ಮನೆಯವ್ರು ದೋಣಿ ಇಳಿಸ್ತೆ ಅಂತ ಕೂತಿದ್ರು."

"ಹವಾಮಾನದವ್ರು ಹೇಳಿದ್ದನ್ನ ನಿನ್ನೆ ಸಂಜೆನೇ ವೆಬ್‌ಸೈಟಲ್ಲಿ ಹಾಕಿದ್ದೆ, ಲಕ್ಕಿ ಅಕ್ಕ."

"ಅದೆಂತ ಮಾರಾಯ್ತಿ, ಯಾವ ಪೇಟೆಲಿ ಸಿಗ್ತು?" ಲಕ್ಕಿ ನಕ್ಕಳು. "ದುಬೈಲಿರೋ ನನ್ನ ತಮ್ಮ ನರೇಶ ಫೋನ್ ಮಾಡಿ, ಇವತ್ತು ಗಾಳಿ ಜೋರಂತೆ ಅಕ್ಕ ಅಂತ ನಂಗೇ ಹೇಳ್ತ. ಅಳಿವೆ ಬುಡದಲ್ಲಿ ಕೂತ ನಂಗೆ ಗೊತ್ತಿಲ್ಲ. ಮಾಸ್ತಿ ಅಜ್ಜನ ಬೋರ್ಡ್ ಇದ್ದಾಗ ಓದಿದವ್ರು ಓದಿ ಹೇಳ್ತಿದ್ರು."

ಅಂಕಿತಾ ಪರದೆ ನೋಡಿ, ಗಾಳಿ ಜೋರು, ಅಳಿವೆಗೆ ಇಳಿಯಬಾರದು ಎಂದು ಓದಿ ಹೇಳಿದಳು. ಲಕ್ಕಿ ಗಂಡನನ್ನು ತಡೆಯಲು ಓಡಿದಳು. ಅವಳು ಹೋದ ಮೇಲೂ ಆ ನಗು ಕಿಟಕಿಯಲ್ಲೇ ಉಳಿದಂತಿತ್ತು.

ಮಾಸ್ತಿ ಅಜ್ಜ ಇಪ್ಪತ್ತೆರಡು ವರ್ಷ ಸಂಘದ ಹೊರಗೆ ಗಾಜಿನ ಬಾಗಿಲು ಹಾಕಿದ ಆ ಕಪ್ಪು ಹಲಗೆಯ ಮೇಲೆ ಬರೆದವನು. ಬೆಳಕು ಹರಿಯುವ ಮೊದಲು ಅಳಿವೆಯ ತನಕ ನಡೆದು, ಮರಳು ಎತ್ತ ಸರಿದಿದೆ, ತೆರೆ ಎಲ್ಲಿ ಒಡೆಯುತ್ತಿದೆ ಎಂದು ಕಣ್ಣಾರೆ ಕಂಡು, ಕಡಲಿಗೆ ಕೈಮುಗಿದು ಬರುತ್ತಿದ್ದ. ಹಲಗೆಯ ತಲೆಯಲ್ಲಿ 'ಶ್ರೀ' ಎಂದು ಬರೆದ ಮೇಲೆಯೇ ಉಳಿದ ಮಾತು. ಬೇಸಿಗೆಯಲ್ಲಿ ಸಂಘಕ್ಕೆ ವೆಬ್‌ಸೈಟ್ ಆಯಿತು. ಜುಲೈ ತಿಂಗಳ ವರದಿಯಲ್ಲಿ ನಾಲ್ಕು ಸಾವಿರ ಭೇಟಿ ಎಂದಿತ್ತು. "ಇಷ್ಟು ಜನ ನೋಡ್ವಾಗ ಹಲಗೆ ಯಾಕೆ?" ಎಂದು ಕಾರ್ಯದರ್ಶಿ ಭಾಸ್ಕರ ಹೇಳಿದ; ಸಭೆ ತಲೆಯಾಡಿಸಿತು. ಅಂಕಿತಾಳಿಗೆ ಶಾಲು ಹೊದಿಸಿದರು. ಮರುದಿನ ಮಾಸ್ತಿಯ ಮನೆಗೆ ಹೋಗಿ ಸೀಮೆಸುಣ್ಣದ ಡಬ್ಬಿ, ಹಲಗೆಯ ಬೀಗದ ಕೈ ತಂದವಳೂ ಅವಳೇ. ಅಜ್ಜ ಡಬ್ಬಿಯ ಧೂಳು ಒರೆಸಿ ಕೊಟ್ಟಿದ್ದ.

ಈಗ ಆಗಸ್ಟ್ ತಿಂಗಳ ವರದಿ ಬಂದಿತ್ತು. ನಾಲ್ಕು ಸಾವಿರದ ಎಂಟುನೂರ ಹನ್ನೆರಡು. ಇಷ್ಟು ದಿನ ಅವಳು ಮೊದಲ ಸಾಲು ನೋಡಿ ಮುಚ್ಚುತ್ತಿದ್ದಳು. ಇವತ್ತು ಕೆಳಗೆ ಇಳಿದಳು. ನೋಡುಗರು ಯಾವ ಜಾಲತಾಣದ ಕೊಂಡಿ ಹಿಡಿದು ಬಂದರು ಎಂಬ ಪಟ್ಟಿ ಅಲ್ಲಿತ್ತು. ಲಾಟರಿ. ತೂಕ ಇಳಿಸುವ ಗುಳಿಗೆ. ಜೂಜು. ಮತ್ತೆ ಲಾಟರಿ. ಲಾಟರಿ ಆಡುವವರಿಗೆ ನಮ್ಮ ಅಳಿವೆಯಿಂದ ಎಂತ ಆಗಬೇಕು?

ವೆಬ್‌ಸೈಟ್ ಮಾಡಿಕೊಟ್ಟ ಕುಮಟಾದ ಅನೂಪನಿಗೆ ಫೋನ್ ಮಾಡಿದಳು.

"ಅವು ಜನ ಅಲ್ಲ," ಎಂದ ಅವನು. "ಯಂತ್ರಗಳು. ನಿಮ್ಮ ವರದಿಲಿ ತಮ್ಮ ಹೆಸರು ಬಿಟ್ಟು ಹೋಗ್ತವೆ. ಇದ್ಯಾವುದಪ್ಪ ಅಂತ ನೀವು ಒತ್ತಿ ನೋಡ್ಲಿ ಅಂತ. ಆ ಹೆಸರು ಬಿಟ್ಟು ಎಣಿಸು ಅಂತ ಕಂಪ್ಯೂಟರಿಗೆ ಹೇಳಿದ್ರೆ ಆತು."

ಒಂದೊಂದೇ ಹೆಸರನ್ನು ಬಿಡಬೇಕಾದವುಗಳ ಪಟ್ಟಿಗೆ ಸೇರಿಸುತ್ತ ಹೋದಳು. ಪ್ರತಿ ಸಲ ಸಂಖ್ಯೆ ಕುಸಿಯಿತು. ಎರಡು ಸಾವಿರ. ಆರುನೂರು. ಕೊನೆಗೆ ನಲವತ್ತಮೂರು. ಅದರಲ್ಲಿ ಹನ್ನೆರಡು ಸಂಘದ ಕಂಪ್ಯೂಟರಿನವೇ. ಉಳಿದ ಮೂವತ್ತೊಂದೂ ದುಬೈಯಿಂದ, ದಿನಕ್ಕೊಂದರಂತೆ, ಬೆಳಗಿನ ಜಾವ.

ನರೇಶ. ಅವಳ ಕಣ್ಣು ತುಂಬಿತು.

ಹೊದಿಸಿದ ಶಾಲು ನೆನಪಾಗಿ ಕುತ್ತಿಗೆ ಬಿಸಿಯಾಯಿತು. ಹೇಳಿದರೆ ಊರು ನಗುತ್ತದೆ, ಕೆಲಸವೂ ಹೋದೀತು. ಹೇಳದಿದ್ದರೆ ನಾಳೆ ಕಿಟಕಿಗೆ ಬರದ ಯಾರದೋ ದೋಣಿ ಅಳಿವೆಗೆ ಇಳಿಯುತ್ತದೆ.

ಭಾಸ್ಕರ ಬಂದವನೇ ಕೇಳಿದ, "ಎಷ್ಟಾತು ಈ ಸಲ?"

"ಒಬ್ಬ, ಭಾಸ್ಕರಣ್ಣ."

"ಒಂದು ಸಾವಿರವಾ?"

"ಒಬ್ಬನೇ ಒಬ್ಬ."

ಅವಳು ಪಟ್ಟಿ ತೋರಿಸಿದಳು. ಅವನ ಮುಖ ಕೆಂಪಾಯಿತು.

"ನಾ ಏನು ಸುಳ್ಳು ಹೇಳಿದ್ನಾ? ಯಂತ್ರ ಹೇಳ್ತು, ನಾ ಓದ್ದೆ. ಬರೋ ಸಭೆಲಿ ಈ ಸಂಖ್ಯೆ ತೋರಿಸಿ ಮೀನುಗಾರಿಕೆ ಇಲಾಖೆಯವ್ರ ಹತ್ರ ದೋಣಿಗಳಿಗೆ ವೈರ್‌ಲೆಸ್ ಕೇಳುವ ಅಂತಿದ್ದೆ. ನನ್ನ ಮನೆಗಾ? ನಿಮ್ಮ ಅಪ್ಪ, ದಾಸ, ಕಡಲಿಗೆ ಇಳಿಯೋ ಎಲ್ಲರ ಜೀವಕ್ಕೆ. ಸಭೆ ಮುಗಿಯೋ ತನಕ ಸುಮ್ಮನಿರು."

"ವೈರ್‌ಲೆಸ್ ಬೇಕು, ಇಲ್ಲ ಅನ್ನೂದಿಲ್ಲ. ಆದರೆ ಬಲೆ ಭಾರ ಇತ್ತು ಅಂತ ಎಳೆದು ನೋಡಿದ್ರೆ ಬರೀ ಲೋಳೆಮೀನು ಇದ್ರೆ, ಅದನ್ನ ಬುಟ್ಟಿಗೆ ತುಂಬಿ ಪೇಟೆಗೆ ಕಳಿಸ್ತೀರಾ?"

ಭಾಸ್ಕರ ದೋಣಿಯಲ್ಲೇ ಬೆಳೆದವನು. ಕಿಟಕಿಯತ್ತ ತಿರುಗಿದ. ಕಿಟಕಿಯಾಚೆ ಹಲಗೆ ಖಾಲಿ ನಿಂತಿತ್ತು. ಗಾಜಿನ ಮೇಲೆ ಯಾರೋ ಬಟ್ಟೆ ಸಾಬೂನಿನ ಜಾಹೀರಾತು ಅಂಟಿಸಿದ್ದರು.

"ಕಳೆದ ವಾರ ದಾಸನ ದೋಣಿ ಮರಳಿಗೆ ತಾಗಿತ್ತಲ್ಲ," ಎಂದ ನಿಧಾನವಾಗಿ. "ಆ ದಿನ ಅಜ್ಜ ಬರೀತಿದ್ರೆ..." ಮೇಜಿನ ಖಾನೆ ಎಳೆದು ಬೀಗದ ಕೈ, ಡಬ್ಬಿ ತೆಗೆದಿಟ್ಟ. "ನೀನೇ ಕೊಡು. ನಂಗೆ ಮುಖ ಇಲ್ಲ. ಸಭೆಲಿ ನಾ ಹೇಳ್ತೆ, ಒಬ್ಬ ಅಂತ."

ಮಾಸ್ತಿ ಅಜ್ಜ ಜಗುಲಿಯಲ್ಲಿ ಹರಿದ ಬಲೆ ಹೆಣೆಯುತ್ತಿದ್ದ. ಅವಳನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಕೊಟ್ಟ.

"ಎಂತ ಮಗಾ, ಗಾಳಿಲಿ ಬಂದೆ?"

"ತಪ್ಪಾತು ಅಜ್ಜ. ನಾಲ್ಕು ಸಾವಿರ ಜನ ಅಂದಿದ್ದೆ. ಅಷ್ಟು ಯಾರೂ ಇರ್ಲಿಲ್ಲ."

"ಯಾರೂ ನೋಡ್ಲೇ ಇಲ್ವಾ?" ಅವನ ದನಿಯಲ್ಲಿ ಗೆದ್ದವನ ಖುಷಿಯಿರಲಿಲ್ಲ, ಮರುಕವಿತ್ತು.

"ಲಕ್ಕಿ ಅಕ್ಕನ ತಮ್ಮ ನೋಡ್ತ. ದುಬೈಯಿಂದ, ದಿನಾ. ಇನ್ನು ನೀವು ಹಲಗೆಲಿ ಬರೆದದ್ದನ್ನೇ ನಾ ಅವನಿಗೆ ಹಾಕ್ತೆ."

ಅಜ್ಜ ಬಲೆ ಕೆಳಗಿಟ್ಟ. ಎದ್ದು ಕೈ ತೊಳೆದು, ಪಂಚೆಗೆ ಒರೆಸಿಕೊಂಡು ಬಂದ.

"ಪಾಪ, ಅಷ್ಟು ದೂರ ಇದ್ದವನು. ಅಕ್ಷರ ದೊಡ್ಡ ಮಾಡಿ ಬರೀಬೇಕಾತು."

ಅಂಕಿತಾ ಸೆರಗಿನಿಂದ ಡಬ್ಬಿಯ ಧೂಳು ಒರೆಸಿ, ಬೀಗದ ಕೈಯನ್ನು ಅದರ ಮೇಲಿಟ್ಟು, ಎರಡೂ ಕೈಯಿಂದ ಅವನ ಕೈಗೆ ಕೊಟ್ಟಳು.