ಗೌರಿ ಮೇವು ಬಿಟ್ಟ ದಿನ

ಹೊಲವೆಲ್ಲ ಸೈಟುಗಳಾದರೂ ಬೇಗೂರಿನ ಸೊಣ್ಣಮ್ಮ ಹಸು ಸಾಕುವುದನ್ನು ಬಿಟ್ಟಿರಲಿಲ್ಲ. ಬಾಡಿಗೆ ಮನೆಗಳ ಹಿಂದಿನ ಕೊಟ್ಟಿಗೆಯಲ್ಲಿ ಗೌರಿ ಮತ್ತು ಅದರ ಎರಡು ತಿಂಗಳ ಕರು. ಬೆಳಿಗ್ಗೆ ಎದ್ದರೆ ಅವಳು ಮೊದಲು ಗೌರಿಯನ್ನು ಮಾತಾಡಿಸುತ್ತಿದ್ದಳು, ಗಂಡನನ್ನು ಆಮೇಲೆ.

ಅವತ್ತು ಗೌರಿ ಹುಲ್ಲು ಮೂಸಿ ಮುಖ ತಿರುಗಿಸಿತು. ಬಾಯಿಂದ ದಾರದಂತೆ ಜೊಲ್ಲು ಇಳಿಯುತ್ತಿತ್ತು.

"ತರಕಾರಿ ಸಿಪ್ಪೆ ಜೊತೆ ಏನೋ ಚುಚ್ಚೈತೆ ಕಣೆ. ಸರಿಹೋಯ್ತದೆ ಬಿಡು," ಎಂದ ಗಂಡ ಗಂಗಾಧರಯ್ಯ.

ಅಷ್ಟರಲ್ಲಿ ಹಾಲಿಗೆಂದು ಜಯಶೀಲಾ ಬಂದಳು. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹುಡುಗಿ.

"ಆಂಟಿ, ಕಾಲು ನೋಡಿದ್ರಾ? ಊರೋಕಾಗದೆ ಕೊಡವ್ತಾ ಇದೆ."

ಗೊರಸಿನ ಸಂದಿಯಲ್ಲಿ ಗುಳ್ಳೆ ಒಡೆದಿತ್ತು. ನಾಲಿಗೆಯ ಮೇಲೂ ಹುಣ್ಣು. ಮೈ ಕಾದಿತ್ತು.

"ಕಾಲುಬಾಯಿ ಜ್ವರ ಇರ್ಬೇಕು ಆಂಟಿ. ವೈರಸ್ಸು. ಜೊಲ್ಲಿಂದ, ಗಾಳಿಯಿಂದ, ನಮ್ಮ ಚಪ್ಪಲಿಯಿಂದಾನೂ ಹರಡುತ್ತೆ. ಲಸಿಕೆ ಹಾಕ್ಸಿದ್ರಾ?"

"ನಾನೇ ಬ್ಯಾಡ ಅಂದೆ," ಎಂದ ಗಂಗಾಧರಯ್ಯ. "ಹಾಲು ಕಮ್ಮಿ ಆಯ್ತದೆ ಅಂದ್ರು."

"ಅದು ಎರಡು ದಿನದ ಮಾತು ಅಂಕಲ್. ಈಗ ನೋಡಿ, ತಿಂಗಳುಗಟ್ಟಲೆ ಕಮ್ಮಿ ಆಗ್ಬಹುದು."

ಕರು ಕೆಚ್ಚಲಿಗೆ ಬಾಯಿ ಹಾಕಲು ಹೋಯಿತು. "ಬಿಡ್ಬೇಡಿ ಆಂಟಿ!" ಜಯಶೀಲಾ ಕೂಗಿದಳು. "ಕರುಗಳಿಗೆ ಇದು ಹೃದಯಕ್ಕೇ ಹೋಗುತ್ತೆ. ನಿಂತಿದ್ದ ಹಾಗೇ ಬಿದ್ದು ಸತ್ತೋಗ್ತವೆ."

ಸೊಣ್ಣಮ್ಮ ಕರುವನ್ನು ಬಾಚಿ ತಬ್ಬಿಕೊಂಡಳು. ಅದು ಅಂಬಾ ಎಂದರೆ ಗೌರಿಯೂ ಕೂಗುತ್ತಿತ್ತು. ಸೊಣ್ಣಮ್ಮನ ಕಣ್ಣು ತುಂಬಿ ಬಂತು. ಗಂಗಾಧರಯ್ಯ ಕರುವನ್ನು ಎತ್ತಿಕೊಂಡು ಹೋಗಿ ಮುಂದಿನ ಜಗುಲಿಯಲ್ಲಿ ಕಟ್ಟಿದ. ಜಯಶೀಲಾ ಡಾಕ್ಟರಿಗೆ ಫೋನ್ ಮಾಡಿದಳು.

ಡಾಕ್ಟರು ಬಂದು ನೋಡಿ ಅದೇ ರೋಗ ಎಂದರು. ಔಷಧಿ ಕೊಟ್ಟರು. ಬಾಯಿ, ಗೊರಸು ತೊಳೆಯುವುದನ್ನು ತೋರಿಸಿಕೊಟ್ಟರು. ಕರುವಿಗೆ ಹಾಲು ಕುದಿಸಿ, ಆರಿಸಿ ಕುಡಿಸಲು ಹೇಳಿದರು.

"ಅಕ್ಕಪಕ್ಕದೋರಿಗೂ ಹೇಳ್ಬಿಡಿ," ಎಂದರು.

ಗಂಗಾಧರಯ್ಯನಿಗೆ ನಾಚಿಕೆ. ಆದರೂ ಪಕ್ಕದ ಬೀದಿಯಲ್ಲಿ ಹಸು ಸಾಕಿದ್ದ ಮುನಿಯಕ್ಕನಿಗೆ ಫೋನ್ ಮಾಡಿದ. "ಮುನಿಯಕ್ಕ, ನಮ್ ಗೌರಿಗೆ ಕಾಲುಬಾಯಿ ಬಂದೈತೆ. ನಿಮ್ ಹಸುಗಳ್ನ ಈ ಕಡೆ ಹೊಡೀಬ್ಯಾಡಿ. ತಪ್ಪು ನಂದೇ."

"ಹೇಳಿದ್ಯಲ್ಲ, ಅಷ್ಟೇ ಸಾಕು ಕಣಪ್ಪ," ಎಂದಳು ಮುನಿಯಕ್ಕ.

ಹದಿನೈದು ದಿನ ಸೊಣ್ಣಮ್ಮ ಮೆತ್ತಗಿನ ರಾಗಿ ಗಂಜಿ ಕಾಯಿಸಿ, ಮಗುವಿಗೆ ಉಣ್ಣಿಸುವಂತೆ ಉಣ್ಣಿಸಿದಳು. ಗೌರಿ ಚೇತರಿಸಿಕೊಂಡಿತು. ಕರುವೂ ಉಳಿಯಿತು. ಮುನಿಯಕ್ಕನ ಹಸುಗಳಿಗೆ ಏನೂ ಆಗಲಿಲ್ಲ.

ಹಸು, ಎಮ್ಮೆ, ಕುರಿ, ಮೇಕೆ, ಹಂದಿ ಸಾಕಿರುವ ಅಣ್ಣಂದಿರೇ, ಅಕ್ಕಂದಿರೇ, ಜೊಲ್ಲು ಕಂಡರೆ ಕಾಲನ್ನೂ ನೋಡಿ, ಕುಂಟಿದರೆ ಬಾಯನ್ನೂ ನೋಡಿ. ಅನುಮಾನ ಬಂದ ಕೂಡಲೇ ಬೇರೆ ಕಟ್ಟಿ, ಪಶುವೈದ್ಯರನ್ನು ಕರೆಯಿರಿ, ನೆರೆಯವರಿಗೆ ತಿಳಿಸಿ. ಲಸಿಕೆ ಹಾಕುವವರು ಬಾಗಿಲಿಗೆ ಬಂದರೆ ಬೇಡ ಅನ್ನಬೇಡಿ. ನಿಮ್ಮನ್ನೇ ನಂಬಿಕೊಂಡಿರುವ ಆ ಮೂಕ ಜೀವಗಳಿಗೆ ತಮ್ಮ ನೋವು ಹೇಳಿಕೊಳ್ಳಲು ಬಾಯಿಲ್ಲ.