ನೀರಿನ ಕಡೆ

ಅತ್ತೆ ಹುಟ್ಟಿ ಬೆಳೆದದ್ದು ಬಂದರಿನಲ್ಲಿ. ಹಾಯಿ ಹೊಲಿಯುವವರ ಮಗಳು. ಮದುವೆಯಾಗಿ ಬಂದು ಸೇರಿದ್ದು ಮಾತ್ರ ಸಮುದ್ರದ ಗಾಳಿಯೂ ಸುಳಿಯದ ಒಳನಾಡು. ಅವರ ಬಾಯಲ್ಲಿ "ನಮ್ಮೂರಲ್ಲಿ" ಎಂಬ ಮಾತು ಬಂತೆಂದರೆ ಮನೆಯವರೆಲ್ಲ ಕೂತಲ್ಲೇ ಇನ್ನಷ್ಟು ಆರಾಮಾಗಿ ಕೂರುತ್ತಿದ್ದರು, ಬೇಗ ಏಳುವ ಹಾಗಿಲ್ಲವಲ್ಲ ಎಂದು. ಸೊಸೆ ಬಟ್ಟೆ ಮಡಿಸುತ್ತ ಹೂಂಗುಟ್ಟುತ್ತಿದ್ದಳು. ಇದರಲ್ಲಿ ಅರ್ಧ ನಿಜ, ಇನ್ನರ್ಧ ತವರಿನ ಮೋಹ ಎಂದು ಒಳಗೊಳಗೇ ನಗುತ್ತಿದ್ದಳು.

ಈಚೆಗೆ ಮಾತ್ರ ಅವಳಿಗೊಂದು ಚಿಂತೆ ಹತ್ತಿತ್ತು. ಅತ್ತೆಗೆ ಮರೆವು ಶುರುವಾಗಿದೆಯೇನೋ. ಆ ಮನೆಯಲ್ಲಿ ಮೊದಲಿನಿಂದಲೂ "ನೀರಿನ ಕಡೆ" ಎಂಬ ಮಾತೊಂದು ನಡೆದುಬಂದಿತ್ತು. ಚಾಪೆ ನೀರಿನ ಕಡೆ ಹಾಸು, ಏಣಿ ನೀರಿನ ಕಡೆ ಒರಗಿಸು ಎಂದು ಅತ್ತೆ ಹೇಳುವುದು, ಮನೆಯವರು ಕುಡಿಯುವ ನೀರಿನ ಮಡಕೆ ಇದ್ದ ಗೋಡೆಯ ಕಡೆಗೆ ಹಾಸುವುದು, ಒರಗಿಸುವುದು. ಅಡುಗೆಮನೆ ರಿಪೇರಿ ಮಾಡಿಸಿದಾಗ ಮಡಕೆ ಎದುರು ಗೋಡೆಗೆ ಹೋಯಿತು. ಅತ್ತೆಯ ಕೈ ಮಾತ್ರ ಹೋಗಲಿಲ್ಲ. "ನೀರಿನ ಕಡೆ ಕಿಟಕಿ ತೆಗಿಯಮ್ಮ" ಎನ್ನುವಾಗಲೆಲ್ಲ ಅದು ಹಳೆಯ ಗೋಡೆಯನ್ನೇ ತೋರಿಸುತ್ತಿತ್ತು. ಸೊಸೆ ತಿದ್ದುವುದಕ್ಕೆ ಹೋಗದೆ, ಕೈ ತೋರಿಸಿದ ಕಿಟಕಿಯನ್ನೇ ತೆಗೆಯುತ್ತಿದ್ದಳು. ಗಂಡನ ಕಿವಿಗೆ ಹಾಕಿದರೆ ಅವನು ಪೇಪರಿನಿಂದ ತಲೆ ಎತ್ತದೆ, ಅಮ್ಮನಿಗೂ ವಯಸ್ಸಾಯಿತಲ್ಲ ಎಂದುಬಿಟ್ಟ. ನೆನಪು ಗಟ್ಟಿಯಾಗಿರುವಾಗಲೇ ಒಮ್ಮೆ ಅವರ ಊರಿಗೆ ಕರೆದುಕೊಂಡು ಹೋಗಿ ಬರಬೇಕು ಎಂದು ಸೊಸೆ ಆಗಲೇ ನಿಶ್ಚಯಿಸಿಕೊಂಡಳು.

ಶಾಲೆಗೆ ರಜೆ ಬಂದ ಕೂಡಲೆ ಮೂವರೂ ಹೊರಟರು. ಮೂರನೆಯವಳು ಮೊಮ್ಮಗಳು. ಇದ್ದಲ್ಲಿ ಇರುವ ಜಾತಿಯಲ್ಲವಾದ್ದರಿಂದ ಮನೆಯಲ್ಲಿ ಅವಳನ್ನು ಬುಗುರಿ ಎಂದೇ ಕರೆಯುವುದು.

ಊರು ನೋಡಿದ ಮೇಲೆ ಸೊಸೆಗೆ ಅನ್ನಿಸಿತು, ಅತ್ತೆ ಇಷ್ಟು ವರ್ಷ ಹೇಳಿದ್ದು ಏನೇನೂ ಸಾಲದು. ಬೀದಿಗಳೆಲ್ಲ ಕಲ್ಲಿನವು, ಸಮುದ್ರದತ್ತ ಬಳುಕುತ್ತ ಇಳಿಯುವಂಥವು. ಒಂದೊಂದು ತಿರುವಿನಲ್ಲೂ ಎರಡು ಮನೆಗಳ ನಡುವೆ ನೀಲಿಯ ಒಂದು ತುಂಡು ಕಂಡು ಮರೆಯಾಗುತ್ತಿತ್ತು. ಹಳೆಯ ಗೋದಾಮುಗಳ ಮೇಲಂತಸ್ತಿನಲ್ಲೂ ಬಾಗಿಲು, ಅದರಾಚೆ ಮೆಟ್ಟಿಲೂ ಇಲ್ಲ, ಜಗಲಿಯೂ ಇಲ್ಲ. ಮೇಲೆ ತೊಲೆಗೆ ಕಟ್ಟಿದ ರಾಟೆ ನೋಡಿದ ಮೇಲೆ ಗೊತ್ತಾಯಿತು, ಅದು ಮನುಷ್ಯರಿಗಲ್ಲ, ಮೂಟೆಗಳಿಗೆ ಎಂದು. ಒಡೆದ ಹಡಗುಗಳ ಹಲಗೆಗಳು ಇಲ್ಲಿ ಮನೆಗಳ ಹೊಸ್ತಿಲಾಗಿದ್ದವು, ಮೊಳೆ ಕಿತ್ತ ತೂತುಗಳ ಸಮೇತ. ಉಪ್ಪುಗಾಳಿಗೆ ಸವೆದ ಗೋಡೆಗಳು ಕೈಯಿಟ್ಟರೆ ಪುಡಿ ಉದುರಿಸುತ್ತಿದ್ದವು, ಆದರೂ ಅಜ್ಜಂದಿರ ಹಾಗೆ ಠೀವಿಯಿಂದ ನಿಂತಿದ್ದವು. ಎಲ್ಲೆಲ್ಲೂ ಡಾಂಬರು, ನಾರು, ಒದ್ದೆ ಮರದ ವಾಸನೆ. ಅತ್ತೆ ಮೂಗರಳಿಸಿಕೊಂಡು ನಡೆಯುತ್ತಿದ್ದರು. ಮಂಡಿನೋವೂ ಎಲ್ಲೋ ಹಿಂದೆ ಉಳಿದುಹೋದಂತಿತ್ತು.

ಬೆಳಿಗ್ಗೆ ವಸತಿಗೃಹದಿಂದ ಹೊರಡುವ ಮೊದಲೇ ಅವರು ಬುಗುರಿಯ ಗಲ್ಲ ಹಿಡಿದು ಹೇಳಿದ್ದರು: "ನೋಡು, ದಾರಿ ತಪ್ಪಿದ್ರೆ ಅಳ್ತಾ ಅಲೀಬೇಡ. ನೀರಿನ ಕಡೆ ಹೋಗಿ ನಿಂತ್ಕೊ. ನಾವು ಅಲ್ಲಿಗೇ ಬರ್ತೀವಿ."

ಬುಗುರಿ ತಲೆಯಾಡಿಸಿದ್ದಳು. ಸೊಸೆಯೂ ಆಗ ಆ ಮಾತಿಗೆ ಹೆಚ್ಚು ಗಮನ ಕೊಡಲಿಲ್ಲ.

ದಾರಿಯಲ್ಲಿ ಹಗ್ಗದ ಅಂಗಡಿಯೊಂದು ಸಿಕ್ಕಿತು. ಅದರ ಕಲ್ಲಿನ ಮೊಗಸಾಲೆಯಲ್ಲಿ ದಾರಿಹೋಕರಿಗೆಂದು ನೀರಿನ ದೊಡ್ಡ ಮಡಕೆ ಇಟ್ಟಿದ್ದರು. ಮೂವರೂ ಕುಡಿದರು. ಬುಗುರಿ ಲೋಟವನ್ನು ಮತ್ತೆ ತುಂಬಿಸಿಕೊಂಡಳು. ಅತ್ತೆಯ ತಂದೆ ಕೆಲಸ ಮಾಡುತ್ತಿದ್ದ ಹಾಯಿಮನೆ ಎಲ್ಲಿ ಎಂದು ಸೊಸೆ ಪಕ್ಕದ ಬೀಗ ರಿಪೇರಿಯವನನ್ನು ವಿಚಾರಿಸಿದಳು. ಅವನು ಕೈಯಲ್ಲಿದ್ದ ಅರದಿಂದಲೇ ತೋರಿಸಿದ: "ನೀರಿನ ಕಡೆ ಇಳೀರಿ. ಕೆಂಪು ಬಾಗಿಲು ಬಂದ್ರೆ ದಿಬ್ಬದ ಕಡೆ ತಿರುಗಬೇಡಿ, ಮತ್ತೂ ನೀರಿನ ಕಡೆನೇ."

ಸೊಸೆ ಅಲ್ಲೇ ನಿಂತುಬಿಟ್ಟಳು. ಅವನ ಅರ ಸಮುದ್ರದ ಕಡೆ ಚಾಚಿತ್ತು. ಈ ಊರಿನವರಿಗೆ ಎಡ ಬಲ ಎಂಬುದೇ ಇಲ್ಲ, ಇರುವುದು ನೀರಿನ ಕಡೆ ಮತ್ತು ದಿಬ್ಬದ ಕಡೆ. ಹಾಗಾದರೆ ಮನೆಯಲ್ಲಿ ಅತ್ತೆಯ ಕೈ ಹೋಗುತ್ತಿದ್ದುದು? ಸೂರ್ಯ ಮುಳುಗುವ ಕಡೆಗೆ. ಹಗಲಿಡೀ ಬಸ್ಸಿನಲ್ಲಿ ಕೂತರೆ ಸಿಗುವ ಈ ಸಮುದ್ರದ ಕಡೆಗೆ. ಮಡಕೆ ಆ ಗೋಡೆಗಿದ್ದದ್ದು ಬರೀ ಕಾಕತಾಳೀಯ.

ನಗುವೋ ಅಳುವೋ ತಿಳಿಯದೆ ಅವಳು ವಿಷಯವನ್ನೆಲ್ಲ ಹೇಳಿದಾಗ ಅತ್ತೆ ಗೋಡೆ ಹಿಡಿದುಕೊಂಡು ನಕ್ಕರು. "ಅಯ್ಯೋ ನಿಮ್ಮ! ಹಾಗಾದ್ರೆ ಇಷ್ಟು ವರ್ಷ ನನ್ನ ಸಮುದ್ರಾನ ಮಡಕೇಲಿ ತುಂಬಿಟ್ಟಿದ್ರಾ?"

"ನಿಮಗೆ ಮರೆವು ಅಂದ್ಕೊಂಡಿದ್ದೆ ಅತ್ತೆ."

"ಮರೆವಾ? ಕಣ್ಣು ಕಟ್ಟಿ ಬಾವಿಗೆ ಇಳಿಸು, ಅಲ್ಲಿಂದ್ಲೂ ನೀರಿನ ಕಡೆ ತೋರಿಸ್ತೀನಿ."

ಬುಗುರಿಗೆ ಇದಾವುದೂ ಬೇಕಿರಲಿಲ್ಲ. ಅವಳು ಅಷ್ಟು ಹೊತ್ತೂ ಹಗ್ಗದ ಸುರುಳಿಗಳ ಮೇಲೆ ಹತ್ತಿ ಇಳಿಯುತ್ತಿದ್ದಳು.

ಹಾಯಿಮನೆ ಈಗ ಟಾರ್ಪಾಲು ಹೊಲಿಯುವ ಕಾರ್ಖಾನೆ. ಮಹಡಿಯಲ್ಲಿ ಒಂದೇ ಒಂದು ಕಂಬವಿಲ್ಲದ ಉದ್ದ ಹಜಾರ, ಬಟ್ಟೆ ಪೂರ್ತಿ ಹರಡಬೇಕಲ್ಲ. ಮಂಡಿಯೂರಿ ಕೂತು ಹೊಲಿದವರಿಂದ ನೆಲದ ಹಲಗೆಯಲ್ಲಿ ಜೋಡಿಜೋಡಿಯಾಗಿ ತಗ್ಗು ಬಿದ್ದಿತ್ತು. ಅಲ್ಲಿನ ಮೇಲ್ವಿಚಾರಕಿ ಅತ್ತೆಯನ್ನು ಕೂರಿಸಿ, ಅಂಗೈಗೆ ಕಟ್ಟುವ ಚರ್ಮದ ಪಟ್ಟಿಯೊಂದನ್ನು ತಂದುಕೊಟ್ಟಳು. ನಡುವೆ ಲೋಹದ ಬಿಲ್ಲೆ ಇತ್ತು, ದಪ್ಪ ಬಟ್ಟೆಯಲ್ಲಿ ಸೂಜಿಯನ್ನು ಒತ್ತುವುದು ಅದರಿಂದಲೇ. ಅತ್ತೆ ಅದನ್ನು ಕಟ್ಟಿಕೊಂಡು, ತಂದೆ ಹೊಲಿಯುತ್ತಿದ್ದ ಹಾಗೆ ನಾಲ್ಕು ಹೊಲಿಗೆ ಹಾಕಿದರು. ನೇರ, ಒತ್ತಾದ ಹೊಲಿಗೆ. ಸೊಸೆಗೆ ಕಣ್ಣು ಕೀಳಲಾಗಲಿಲ್ಲ. ಮನೆಯಲ್ಲಿ ಕಾಲುಚೀಲಕ್ಕೆ ತೇಪೆ ಹಾಕುತ್ತಿದ್ದ ಕೈಯೇ ಇದು?

ಅವಳು ತಿರುಗಿ ನೋಡಿದಾಗ ಬುಗುರಿ ಇರಲಿಲ್ಲ.

ಹಜಾರದಲ್ಲಿಲ್ಲ, ಮೆಟ್ಟಿಲಲ್ಲಿಲ್ಲ. ಕೆಳಗೆ ಬೀದಿಯಲ್ಲಿ ಕೈಗಾಡಿಗಳು, ಜನ, ಮತ್ತೆ ಜನ. ಹಸಿರು ಲಂಗದ ಹುಡುಗಿ ಕಂಡಳೇ ಎಂದು ಎದುರು ಬಂದವರನ್ನೆಲ್ಲ ಕೇಳಿದರು. ಅತ್ತೆಯೇ ಮೊದಲು ಧೈರ್ಯ ತಂದುಕೊಂಡರು. ಬೆಳಿಗ್ಗೆ ಹೇಳಿದ್ದೇನಲ್ಲ, ನೀರಿನ ಕಡೆಗೇ ಹೋಗಿರುತ್ತಾಳೆ ಎಂದರು. ಇಬ್ಬರೂ ದೋಣಿಗಳು ನಿಲ್ಲುವ ಧಕ್ಕೆಗೆ ಓಡಿದರು.

ಧಕ್ಕೆಯಲ್ಲಿ ಬಲೆ ತೇಪೆ ಹಾಕುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಎದ್ದರು. ದೋಣಿಯವನೊಬ್ಬ, ಗಾಬರಿಯಾಗಬೇಡಿ, ಈ ಊರಲ್ಲಿ ತಪ್ಪಿಸಿಕೊಂಡ ಮಕ್ಕಳೆಲ್ಲ ಇಲ್ಲಿಗೇ ಬರುವುದು, ಚಿಕ್ಕಂದಿನಲ್ಲಿ ತಾನೂ ಹಾಗೇ ಬಂದು ನಿಂತಿದ್ದೆ ಎಂದು ಸಮಾಧಾನ ಹೇಳಿದ. ಒಬ್ಬರಿಂದೊಬ್ಬರಿಗೆ ಕೂಗು ದಾಟಿ ಧಕ್ಕೆಯ ಆ ತುದಿಯವರೆಗೆ ಹೋಯಿತು. ಹಾಗೆಯೇ ವಾಪಸು ಬಂತು. ಹಸಿರು ಲಂಗ ಯಾರಿಗೂ ಕಂಡಿರಲಿಲ್ಲ.

ಬೆಳಿಗ್ಗೆಯಿಂದ ತುಂಡು ತುಂಡಾಗಿ ಕಂಡಾಗಲೆಲ್ಲ ಚಂದ ಚಂದ ಎನ್ನಿಸಿದ್ದ ಆ ನೀರು ಈಗ ಇಡಿಯಾಗಿ ಎದುರಿಗಿತ್ತು. ಅದು ಎಷ್ಟು ಆಳವೋ ಎಂದು ಸೊಸೆ ಧಕ್ಕೆಯ ಅಂಚಿಗೆ ಹೋಗಿ ಬಗ್ಗಿ ನೋಡಿದಳು. ಅತ್ತೆ ಹಗ್ಗ ಕಟ್ಟುವ ಗೂಟದ ಮೇಲೆ ಕುಸಿದು ಕೂತಿದ್ದರು. ಅಂಗೈಗೆ ಕಟ್ಟಿದ ಪಟ್ಟಿ ಇನ್ನೂ ಹಾಗೇ ಇತ್ತು.

"ನಾನೇ ಕಳಿಸಿದ ಹಾಗಾಯ್ತು" ಎಂದರು ಮೆಲ್ಲಗೆ. "ನೀರಿನ ಕಡೆ ಹೋಗು ಅಂತ ನಾನೇ ಹೇಳಿದ್ದು. ಅವಳಿಗೆ ಈಜೂ ಬರಲ್ಲ."

ಆ ಮಾತನ್ನು ಸೊಸೆ ಮನಸ್ಸಿನಲ್ಲೇ ಇನ್ನೊಮ್ಮೆ ಆಡಿಕೊಂಡಳು. ನೀರಿನ ಕಡೆ ಹೋಗು. ಹೇಳಿದವರು ಅತ್ತೆ ಸರಿ, ಕೇಳಿಸಿಕೊಂಡವಳು ಯಾರು? ಒಳನಾಡಿನ ಆ ಮನೆಯಲ್ಲಿ ಹುಟ್ಟಿ, ಮಡಕೆಯ ಪಕ್ಕದಲ್ಲಿ ಅಂಬೆಗಾಲಿಟ್ಟವಳು.

"ಅತ್ತೆ, ಏಳಿ" ಎಂದಳು. "ಅವಳ ನೀರಿನ ಕಡೆ ದಿಬ್ಬದ ಕಡೆ ಇದೆ."

ದೋಣಿಯವ ಇಬ್ಬರ ಮುಖ ನೋಡಿದ. ಬಿಸಿಲಿಗೆ ತಲೆ ಕೆಟ್ಟಿತು ಪಾಪ ಅಂದುಕೊಂಡಿರಬೇಕು. ಆದರೂ ಬಿಟ್ಟುಬಿಡದೆ ಹಿಂದೆಯೇ ಬಂದ. ಏರುಬೀದಿ ಹತ್ತುವಾಗ ಅತ್ತೆಗೆ ಒಂದು ಕಡೆ ಸೊಸೆಯ ಕೈ, ಇನ್ನೊಂದು ಕಡೆ ಅವನದು.

ಹಗ್ಗದ ಅಂಗಡಿಯ ಮೊಗಸಾಲೆಯಲ್ಲಿ, ಮಡಕೆಗೆ ಬೆನ್ನು ಅಂಟಿಸಿಕೊಂಡು, ಕಾವಲಿನವಳ ಹಾಗೆ ಬುಗುರಿ ನಿಂತಿದ್ದಳು. ಹಗ್ಗದವನು ಸ್ಟೂಲು ತಂದುಕೊಟ್ಟರೂ ಕೂತಿರಲಿಲ್ಲವಂತೆ, ಅಜ್ಜಿ ನಿಂತ್ಕೊ ಅಂದಿದ್ದಾರೆ ಎಂದಳಂತೆ. ಕೈಗಾಡಿಯಲ್ಲಿ ಹೋಗುತ್ತಿದ್ದ ಗಿಳಿಪಂಜರದ ಹಿಂದೆ ಬಂದು ದಾರಿ ತಪ್ಪಿದವಳು, ನೀರಿನ ಮಡಕೆ ಎಲ್ಲಿದೆ ಎಂದು ಕೇಳಿಕೊಂಡು ಇಲ್ಲಿಗೆ ಮುಟ್ಟಿದ್ದಳು. ಅಮ್ಮ ಅಪ್ಪಿಕೊಂಡು ಬಿಕ್ಕುತ್ತಿದ್ದರೆ ಅವಳು ಭುಜದ ಮೇಲಿಂದ ಅಜ್ಜಿಯನ್ನು ದುರುಗುಟ್ಟಿ ನೋಡಿದಳು.

"ಎಷ್ಟೊತ್ತು ಅಜ್ಜಿ! ನೀನೇ ಹೇಳಿ ನೀನೇ ಮರೆತುಬಿಟ್ಟೆಯಾ?"

ಅತ್ತೆ ಮಡಕೆಯ ಮುಚ್ಚಳ ತೆಗೆದು, ಒಂದು ಲೋಟ ನೀರು ಬಗ್ಗಿಸಿಕೊಂಡು ಗಟಗಟ ಕುಡಿದು, ಮಗುವಿನ ತಲೆಯ ಮೇಲೆ ಆ ಚರ್ಮದ ಪಟ್ಟಿಯ ಕೈಯಿಟ್ಟರು. ವಿಷಯ ತಿಳಿದ ದೋಣಿಯವ ಅದನ್ನು ಬೀಗದವನಿಗೆ ಹೇಳಿದ, ಬೀಗದವನು ಇನ್ನಾರಿಗೋ. ಪಟ್ಟಿ ವಾಪಸು ಕೊಡಲು ಮೂವರೂ ಹಾಯಿಮನೆಗೆ ಇಳಿಯುವಷ್ಟರಲ್ಲಿ ಬೀದಿಯುದ್ದಕ್ಕೂ ಜನ ಬಾಗಿಲಿಗೆ ಬಂದು, ಮಡಕೆಯ ಹುಡುಗಿ ಇವಳೇನಾ ಎಂದು ಗಲ್ಲ ಸವರುತ್ತಿದ್ದರು. ಇಂಥ ಊರನ್ನು ಬಿಟ್ಟು ಅತ್ತೆ ಒಳನಾಡಿನ ಆ ಮನೆಗೆ ಅದು ಹೇಗೆ ಬಂದರೋ ಎಂದು ಸೊಸೆಗೆ ಆಶ್ಚರ್ಯವಾಯಿತು.

ಸಂಜೆ ವಸತಿಗೃಹದ ಕೋಣೆಯಲ್ಲಿ ಸೆಕೆ. ಅತ್ತೆ ಮಂಚದ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿಕೊಂಡೇ ಎಂದಿನ ಹಾಗೆ ಹೇಳಿದರು: "ನೀರಿನ ಕಡೆ ಕಿಟಕಿ ತೆಗಿಯಮ್ಮ."

ಸೊಸೆ ಎದ್ದು ಸಮುದ್ರದ ಕಡೆಯ ಕಿಟಕಿ ತೆಗೆದಳು. ಅದೇ ಹೊತ್ತಿಗೆ ಬುಗುರಿಯೂ ಎದ್ದು ಹೋಗಿ, ಎದುರು ಗೋಡೆಯಲ್ಲಿ, ಕುಡಿಯುವ ನೀರಿನ ಹೂಜಿಯ ಮೇಲಿದ್ದ ಕಿಟಕಿ ತೆಗೆದಳು. ಗಾಳಿ ಇದರಿಂದ ನುಗ್ಗಿ ಅದರಿಂದ ಹೊರಟಿತು. ಪರದೆಗಳೆರಡೂ ಹಾಯಿಯ ಹಾಗೆ ಉಬ್ಬಿದವು.

ಸೊಸೆ ಮಗಳಿಗೆ ಏನೋ ಹೇಳಲು ಬಾಯಿ ತೆರೆದಳು.

"ಇರ್ಲಿ ಬಿಡು" ಎಂದರು ಅತ್ತೆ. "ಎರಡೂ ತೆಗೆದಿರ್ಲಿ."