ಬ್ರೇಕ್ ಮೇಷ್ಟ್ರು ಓದಿದ ಕೊನೆಯ ಪುಟ

ತಲೆದಿಂಬಿನಡಿಯಿಂದ ಪುಸ್ತಕ ಎಳೆಯುವಾಗ ಬ್ರೇಕ್ ಮೇಷ್ಟ್ರ ಬೆರಳಿಗೆ ಹೆಂಡತಿಯ ಕೂದಲು ಸಿಕ್ಕಿಕೊಂಡಿತು. ಅಭ್ಯಾಸಬಲದಿಂದ "ನೋವಾಯ್ತಾ?" ಅಂದುಬಿಟ್ಟರು. ಬಾಗಿಲಲ್ಲಿ ನಿಂತಿದ್ದ ನಾದಿನಿ ಅದನ್ನು ಕೇಳಿಸಿಕೊಂಡರೂ ಕೇಳಿಸದ ಹಾಗೆ ಸೆರಗು ಸರಿಮಾಡಿಕೊಂಡಳು.

"ಭಾವ, ಗಾಡಿ ಬರೋ ಹೊತ್ತಾಯ್ತು. ಈಗ್ಯಾಕೆ ಪುಸ್ತಕ?"

"ನಿಮ್ಮಕ್ಕನ ಓದಿನ ಗುಂಪಿನವರು ಬಂದಿದ್ದಾರಲ್ಲಮ್ಮ, ಅವರು ಕೇಳ್ತಿದ್ದಾರೆ."

"ಫೋನಲ್ಲಿ ಹರಟೆ ಹೊಡೆಯೋರೆಲ್ಲ ಸಾವಿನ ಮನೆಗೂ ಬಂದ್ರಾ! ಬಂದೋರು ಸುಮ್ನೆ ಒಂದು ಕಡೆ ಕೂತ್ಕೋಬಾರ್ದಾ?"

ಅವರು ಸುಮ್ಮನೆ ಕೂರುವ ಪೈಕಿಯಲ್ಲ. ನಡುಮನೆಯಲ್ಲಿ ಹತ್ತಾರು ಜನ ಗೋಡೆಯ ಕಪಾಟಿನೆದುರು ಕತ್ತು ಓರೆ ಮಾಡಿಕೊಂಡು ಪುಸ್ತಕಗಳ ಬೆನ್ನಿನ ಮೇಲಿನ ಹೆಸರು ಓದುತ್ತಿದ್ದರು. ಒಬ್ಬರು ಕಪಾಟಿನ ಫೋಟೋ ಹೊಡೆದರು. 'ಮಡಚಿದ ಪುಟ' ಅಂತ ಅವರ ಗುಂಪಿನ ಹೆಸರು. ಯಾರು ಏನು ಓದುತ್ತಿದ್ದಾರೆ, ಯಾರಿಗೆ ಯಾವುದು ಹಿಡಿಸಿತು, ಮುಂದೆ ಏನು ಓದಬೇಕು ಅಂತ ಬೆಳಗಿನಿಂದ ಸಂಜೆಯವರೆಗೆ ಫೋನಿನಲ್ಲೇ ಮಾತಾಡಿಕೊಳ್ಳುವವರು. ಮೇಷ್ಟ್ರ ಹೆಂಡತಿ ಅವರಿಗೆಲ್ಲ ದೊಡ್ಡಮ್ಮ. ಔಷಧಿ ಅಂಗಡಿಯಾಕೆಯೊಬ್ಬಳನ್ನು ಬಿಟ್ಟರೆ ಮೇಷ್ಟ್ರು ಅವರಲ್ಲಿ ಯಾರ ಮುಖವನ್ನೂ ನೋಡಿದವರಲ್ಲ. ಆದರೂ ಅಷ್ಟು ಜನರನ್ನು ಕಂಡು ಅವರಿಗೆ ಎದೆ ತುಂಬಿ ಬಂತು. ಇವಳಿಗೆ ಕಣ್ಣು ಹೋದ ಮೇಲೂ ಇಷ್ಟು ಜನ ಸಂಪಾದಿಸಿದಳಲ್ಲ, ಅದರಲ್ಲಿ ನನ್ನ ಗಂಟಲಿನದೂ ಒಂದು ಪಾಲಿದೆ ಅಂದುಕೊಂಡರು.

*

ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವನ ಕಾಲಿನ ಬಳಿಯೂ ಒಂದು ಬ್ರೇಕ್ ಇರುತ್ತದೆ. ಬೇರೆ ಮೇಷ್ಟ್ರುಗಳು ಅದನ್ನು ಅಪರೂಪಕ್ಕೆ ತುಳಿದರೆ ಇವರು ಎದುರಿಗೆ ನಾಯಿ ಮೈಮುರಿದರೂ ತುಳಿಯುತ್ತಿದ್ದರು. ಕಲಿಯುವವರು ಹಿಂದಿನಿಂದ ಇಟ್ಟ ಹೆಸರು ಕೊನೆಗೆ ಮನೆಯವರ ಬಾಯಿಗೂ ಬಂತು.

ಕೆಲಸ ಬಿಟ್ಟ ವರ್ಷವೇ ಹೆಂಡತಿಯ ಕಣ್ಣು ಪೂರ್ತಿ ಮಬ್ಬಾಯಿತು. ಅವಳು ಅನ್ನ ಬಿಟ್ಟರೂ ಪುಸ್ತಕ ಬಿಡದವಳು. ಮೇಷ್ಟ್ರೋ, ರಸ್ತೆಬದಿಯ ಬೋರ್ಡು ಬಿಟ್ಟು ಬೇರೆ ಓದಿದವರಲ್ಲ. ಆದರೂ ಮಧ್ಯಾಹ್ನ ಊಟವಾದ ಮೇಲೆ ಅವಳ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಗಟ್ಟಿಯಾಗಿ ಓದತೊಡಗಿದರು. ಮೊದಲ ಪುಸ್ತಕದ ಕೊನೆಯಲ್ಲಿ ಒಂದು ಮಗು ಜ್ವರ ಬಂದು ಸತ್ತಿತು. ಇದ್ದದ್ದನ್ನು ಇದ್ದ ಹಾಗೆ ಓದಿದರು. ಮಕ್ಕಳಿಲ್ಲದ ಅವಳು ಗೋಡೆಯ ಕಡೆ ತಿರುಗಿ ಮಲಗಿದವಳು ಮಾರನೇ ದಿನ ಹೊತ್ತೇರಿದರೂ ಏಳಲಿಲ್ಲ.

ಎರಡನೆಯ ಪುಸ್ತಕದಲ್ಲಿ ಸಾವು ಬರುವ ಸೂಚನೆ ಕಂಡ ಕೂಡಲೇ ಮೇಷ್ಟ್ರ ಬಲಗಾಲು ನೆಲವನ್ನು ಒತ್ತಿತು. ಓದುತ್ತಿದ್ದ ಹಾಗೇ ಕತೆಯೊಳಕ್ಕೆ ಡಾಕ್ಟರನ್ನು ಕರೆಸಿದರು, ರೋಗಿಗೆ ಗಂಜಿ ಕುಡಿಸಿದರು, ಎಬ್ಬಿಸಿ ಕೂರಿಸಿದರು. ಹೆಂಡತಿ "ಆಮೇಲೆ?" ಅಂದಳು. "ಆಮೇಲೇನು, ಎಲ್ಲರೂ ಚೆನ್ನಾಗಿದ್ರು," ಅಂದರು. ಅವಳು ನಕ್ಕಳು. ಆ ನಗುವಿಗಾಗಿ ಮೇಷ್ಟ್ರು ಅಲ್ಲಿಂದ ಮುಂದೆ ಯಾರನ್ನೂ ಸಾಯಲು ಬಿಡಲಿಲ್ಲ. ಮುಳುಗಿದವರನ್ನು ದಡಕ್ಕೆ ತಂದರು, ಓಡಿಹೋದವರನ್ನು ಮನೆಗೆ ಕರೆತಂದರು. ಓದು ಮುಗಿದು ಮೇಷ್ಟ್ರು ಕಾಫಿ ಮಾಡಲು ಅಡುಗೆಮನೆಗೆ ಹೋದ ಮೇಲೆ ಅವಳು ಕಿವಿಗೆ ವೈರು ಸಿಕ್ಕಿಸಿಕೊಂಡು ಫೋನಿನ ಜೊತೆ ಮಾತಾಡುತ್ತಿದ್ದಳು. ಬಂದ ಉತ್ತರವನ್ನು ಫೋನು ಅವಳ ಕಿವಿಗಷ್ಟೇ ಓದಿ ಹೇಳುತ್ತಿತ್ತು. ಮೇಷ್ಟ್ರು "ಏನಂದ್ರು?" ಅಂದರೆ, "ಎಲ್ಲರಿಗೂ ತುಂಬಾ ಇಷ್ಟ ಆಯ್ತಂತೆ ರೀ," ಅನ್ನುತ್ತಿದ್ದಳು.

*

"ನಮ್ಮ ಗುಂಪಲ್ಲಿ ಒಂದು ಪದ್ಧತಿ ಇದೆ ಸಾರ್," ಅಂದರು ಹಲ್ಲಿನ ಡಾಕ್ಟರು. ಗುಂಪು ನಡೆಸುವವರು ಈಕೆಯೇ. "ಯಾರಾದ್ರೂ ಪುಸ್ತಕ ಅರ್ಧಕ್ಕೆ ಬಿಟ್ಟು ಹೋದ್ರೆ, ಅವರ ಪಕ್ಕ ನಿಂತು ಅದರ ಕೊನೆ ಪುಟ ಓದ್ತೀವಿ. ಕತೆ ಏನಾಯ್ತು ಅಂತ ತಿಳೀದೆ ಹೋಗಬಾರ್ದು ನೋಡಿ. ದೊಡ್ಡಮ್ಮನಿಗೆ ನಾನು ಓದ್ತೀನಿ."

"ಬೇಡಮ್ಮ, ನಾನೇ ಓದ್ತೀನಿ," ಅಂದರು ಮೇಷ್ಟ್ರು.

ಬಂದವರು ಮುಖ ಮುಖ ನೋಡಿಕೊಂಡರು.

"ಬೇಜಾರು ಮಾಡ್ಕೋಬೇಡಿ ಸಾರ್. ಇದು ಇದ್ದ ಹಾಗೇ ಓದ್ಬೇಕು."

"ಮತ್ತೆ? ಇರೋದನ್ನೇ ತಾನೇ ನಾನೂ ಓದೋದು?"

ಹಿಂದೆ ಯಾರೋ ಕಿಸಕ್ಕೆಂದರು. ಬೀದಿ ತಿರುವಿನ ಔಷಧಿ ಅಂಗಡಿಯಾಕೆ ತಡೆಯಲಾರದೆ ಹೇಳಿಯೇಬಿಟ್ಟಳು. "ಅಯ್ಯೋ ಮೇಷ್ಟ್ರೇ, ನೀವು ಕೊನೆ ಬದಲಾಯಿಸೋದು ನಮಗೆಲ್ಲ ಗೊತ್ತು. ನಿಜವಾದ ಕೊನೇನ ನಾನೇ ಫೋನ್ ಮಾಡಿ ದೊಡ್ಡಮ್ಮನಿಗೆ ಹೇಳ್ತಿದ್ದೆ."

ಮೇಷ್ಟ್ರು ಪುಸ್ತಕದಿಂದ ತಲೆಯೆತ್ತಿದರು. "ಅವಳಿಗೆ... ಗೊತ್ತಿತ್ತಾ?"

"ಗೊತ್ತಿತ್ತಾ ಅಂತ ಕೇಳ್ತೀರಲ್ಲ! ನಮಗೆಲ್ಲ ಅದೇ ತಮಾಷೆ. ಯಾವ ಪುಸ್ತಕದಲ್ಲಿ ಹೆಚ್ಚು ಜನ ಸಾಯ್ತಾರೋ ಅದನ್ನೇ ಹುಡುಕಿ ಓದಿಸಿ ಅಂತಿದ್ವಿ. ಮೇಷ್ಟ್ರು ಈ ಸಲ ಹ್ಯಾಗೆ ಬದುಕಿಸ್ತಾರೆ ಅಂತ ಪಂದ್ಯ ಕಟ್ಟಿ ಕೂತಿರ್ತಿದ್ವಿ."

ಹಲ್ಲಿನ ಡಾಕ್ಟರು ಅವಳನ್ನು ಕಣ್ಣಲ್ಲೇ ಗದರಿದರು. ಆಮೇಲೆ ಪರಿಸ್ಥಿತಿ ತಿಳಿಯಾಗಿಸುವ ಉಮೇದಿನಲ್ಲಿ ಅದಕ್ಕಿಂತ ದೊಡ್ಡ ಅನಾಹುತ ಮಾಡಿದರು. "ಸಾರ್, ಎಲ್ಲಾ ಪ್ರೀತಿಯಿಂದಲೇ. ಬೇಕಾದ್ರೆ ಅವರ ಬಾಯಲ್ಲೇ ಕೇಳಿ," ಅಂತ ದೊಡ್ಡಮ್ಮ ಗುಂಪಿಗೆ ಮಾತಾಡಿ ಕಳಿಸಿದ್ದ ಸಂದೇಶವೊಂದನ್ನು ಫೋನಿನಲ್ಲಿ ಒತ್ತಿ ಹಿಡಿದರು.

ಸತ್ತವಳ ದನಿ ನಡುಮನೆಯಲ್ಲಿ ಕೇಳಿಸಿತು. ಪಕ್ಕದ ಕೋಣೆಯಲ್ಲಿ ಅವಳು ಬಾಯಿ ಮುಚ್ಚಿಕೊಂಡು ಮಲಗಿದ್ದಳು.

"ಕೇಳ್ರಪ್ಪ, ಇವತ್ತು ನಮ್ಮನೆಯವರು ಗುಂಡು ಬಿದ್ದವನಿಗೆ ಮುಲಾಮು ಹಚ್ಚಿದ್ರು! ಪಾಪ, ನೆಟ್ಟಗೆ ಒಂದು ಸುಳ್ಳು ಹೇಳೋಕೂ ಬರಲ್ಲ. ದನಿ ಮೆತ್ತಗಾಯ್ತು ಅಂದ್ರೆ ಯಾರೋ ಸತ್ರು ಅಂತಲೇ ಲೆಕ್ಕ. ಆಮೇಲೆ ಕಾಲು ಬೇರೆ ನೆಲಕ್ಕೆ ಒತ್ತೋದು, ದಪ್ ದಪ್ ಅಂತ. ನಾನು ಕುರುಡಿ, ಕಿವುಡಿ ಅಲ್ವಲ್ಲ! ಜೀವನಪೂರ್ತಿ ಈ ಮನುಷ್ಯ ನನ್ನನ್ನ ಎಲ್ಲಿಗೂ ಹೋಗೋಕೆ ಬಿಡ್ಲಿಲ್ಲ, ಈಗ ಕತೆಯೊಳಗೂ ಬಿಡ್ತಿಲ್ಲ."

ದನಿಯ ಹಿಂದೆ ಅವಳ ನಗು. ಮೇಷ್ಟ್ರು ಎಂದೂ ಕೇಳದ ನಗು ಅದು, ಹೊಟ್ಟೆ ಹಿಡಿದುಕೊಂಡು ನಗುವಂಥದ್ದು. ಅವರೆದುರು ಅವಳು ತುಟಿ ಮಾತ್ರ ಅಗಲಿಸುತ್ತಿದ್ದಳು. ಗುಂಪಿನವರಲ್ಲಿ ಕೆಲವರು ಕಣ್ಣೊರೆಸಿಕೊಂಡು ನಕ್ಕರು. ನಾದಿನಿ ನೆಲ ನೋಡಿದಳು. ಹೆಂಡತಿ ತನ್ನನ್ನು ಸಹಿಸಿಕೊಂಡಿದ್ದಳೇ, ಅಥವಾ ತಾನು ಅವಳ ಮನರಂಜನೆಯೇ? ಮೇಷ್ಟ್ರಿಗೆ ಒಂದು ಕ್ಷಣ ಎಲ್ಲರನ್ನೂ ಹೊರಗಟ್ಟಿಬಿಡೋಣ ಅನ್ನಿಸಿತು. ಆದರೆ ಅವರು ಹಾಗೆ ಯಾರನ್ನೂ ಗದರಿದವರಲ್ಲ.

"ನಾನೇ ಓದ್ತೀನಿ," ಅಂದರು ಮತ್ತೆ. "ಇದ್ದ ಹಾಗೇ."

*

ಮಂಚದ ಪಕ್ಕ ಅದೇ ಕುರ್ಚಿ. ಪುಸ್ತಕವೂ ಅವರು ಪದೇ ಪದೇ ಹಿಡಿದು ಅಂಚು ಕಂದಿದ್ದು. ಮೊದಲ ಪುಟದಲ್ಲೇ ಒಬ್ಬಳು ಪೆಟ್ಟಿಗೆ ಹಿಡಿದು ಮನೆ ಬಿಟ್ಟು ಹೋಗುತ್ತಾಳೆ. ಗಂಡ ಬಾಗಿಲಿನ ಚಿಲಕ ಹಾಕದೆ ವರ್ಷಗಟ್ಟಲೆ ಕಾಯುತ್ತಾನೆ. ಇದಕ್ಕೆ ಯಾವ ಕೊನೆ ಕೊಡಬೇಕೆಂದು ಮೇಷ್ಟ್ರು ವಾರದ ಹಿಂದೆಯೇ ಯೋಚಿಸಿಟ್ಟಿದ್ದರು. ಈಗ ಅದನ್ನೆಲ್ಲ ಬದಿಗಿಟ್ಟರು. ನಿನಗೆ ನಿಜ ಬೇಕಾಗಿತ್ತಲ್ಲ, ತಗೋ, ಒಂದು ಸಲವಾದರೂ ನನ್ನ ಬಾಯಿಂದಲೇ ಕೇಳಿಸಿಕೋ ಅಂದುಕೊಂಡರು. ಒಂದೇ ಒಂದು ಪುಟ ನೆಟ್ಟಗೆ ಓದಿದರೆ ಸಾಕಿತ್ತು ಅವರಿಗೆ.

ಸುತ್ತ ಫೋನುಗಳು ಎದ್ದವು.

ಮೇಷ್ಟ್ರು ಓದಿದರು. ಅಕ್ಷರ ತಪ್ಪದೆ ಓದಿದರು. ಮುದುಕನಾದ ಗಂಡ ರಾತ್ರಿಯೂಟ ಮುಗಿಸಿದ, ತಟ್ಟೆ ತೊಳೆದಿಟ್ಟ, ಬಾಗಿಲ ಬಳಿ ಬಂದು ಬೀದಿಯ ಎರಡೂ ಕಡೆ ನೋಡಿದ. ಮೇಷ್ಟ್ರ ದನಿ ಮೆತ್ತಗಾಯಿತು. ಫೋನು ಹಿಡಿದವರು ಒಬ್ಬರನ್ನೊಬ್ಬರು ತಿವಿದುಕೊಂಡರು. ಉಳಿದದ್ದು ಒಂದೇ ಸಾಲು. ಅದು ಕಣ್ಣಿಗೆ ಕಾಣುತ್ತಿತ್ತು. ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಬಲಗಾಲು ದಪ್ ಎಂದು ನೆಲಕ್ಕೆ ಒತ್ತಿತು.

"ಆಗ... ಆಗ ಬೀದಿ ಕೊನೆಯಲ್ಲಿ ಪೆಟ್ಟಿಗೆ ಹಿಡ್ಕೊಂಡು ಅವಳು ಬಂದಳು," ಅಂದರು.

ಯಾರೋ ಬಾಯಿಗೆ ಕರವಸ್ತ್ರ ತುರುಕಿಕೊಂಡು ಹೊರಗೆ ಓಡಿದರು. ಔಷಧಿ ಅಂಗಡಿಯಾಕೆಯ ಹೆಗಲು ಕುಲುಕುತ್ತಿತ್ತು. ಹಲ್ಲಿನ ಡಾಕ್ಟರು ತುಂಬಾ ಮೃದುವಾಗಿ, ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವ ಹಾಗೆ ಪುಸ್ತಕ ತೆಗೆದುಕೊಂಡು, ಇದ್ದ ಸಾಲನ್ನು ಸ್ಪಷ್ಟವಾಗಿ ಓದಿದರು:

"ಅವನು ಒಳಗೆ ಬಂದು ಚಿಲಕ ಹಾಕಿಕೊಂಡ."

ಹೊರಗೆ ಗಾಡಿಯ ಹಾರನ್ ಕೇಳಿಸಿತು.

*

ಎಲ್ಲ ಮುಗಿಸಿ ಮೇಷ್ಟ್ರು ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಮಂಚದ ಮೇಲಿನ ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿದ್ದರು. ಅವರು ಕುರ್ಚಿಯಲ್ಲಿ ಕೂತರು. ನಾದಿನಿ ಮನೆ ಚೊಕ್ಕ ಮಾಡುವಾಗ ಅಕ್ಕನ ಫೋನಿನಿಂದ ಕಿವಿಯ ವೈರು ಕಿತ್ತು, ಫೋನನ್ನು ಕಿಟಕಿಯಲ್ಲಿ ಚಾರ್ಜಿಗೆ ಹಾಕಿದ್ದಳು. ಅದು ಇದ್ದಕ್ಕಿದ್ದಂತೆ ಬಂದ ಸಂದೇಶವನ್ನೂ ಜೊತೆಗಿನ ನಕ್ಕು ಕಣ್ಣೀರಿಡುವ ಮುಖದ ಚಿತ್ರಗಳನ್ನೂ ಗಟ್ಟಿಯಾಗಿ ಓದತೊಡಗಿತು.

"ಹೊಸ ಸಂದೇಶ. ಮಡಚಿದ ಪುಟ. ವಿಡಿಯೋ. ಮೇಷ್ಟ್ರು ದೊಡ್ಡಮ್ಮನನ್ನೂ ಮನೆಗೆ ಕರೆತಂದರು. ಆನಂದಬಾಷ್ಪದ ಮುಖ. ಆನಂದಬಾಷ್ಪದ ಮುಖ. ಆನಂದಬಾಷ್ಪದ ಮುಖ."

ನಾದಿನಿ ಒದ್ದೆ ಕೈಯಲ್ಲೇ ಓಡಿ ಬಂದು ಅಲ್ಲಿ ಇಲ್ಲಿ ಒತ್ತಿದಳು. ಅದರ ಬಾಯಿ ಮುಚ್ಚಿಸುವುದು ಹೇಗೆಂದು ಈ ಮನೆಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು.

"ಹೊಸ ಸಂದೇಶ. ಆನಂದಬಾಷ್ಪದ ಮುಖ. ಆನಂದಬಾಷ್ಪದ ಮುಖ."

"ಭಾವ, ಇದನ್ನ ಹ್ಯಾಗೆ ನಿಲ್ಸೋದು?"

ಮೇಷ್ಟ್ರು ಖಾಲಿ ಮಂಚವನ್ನು ನೋಡುತ್ತ ಕೂತೇ ಇದ್ದರು. ಕುರ್ಚಿಯ ಕೆಳಗೆ ಅವರ ಬಲಗಾಲು ಮಾತ್ರ ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು.